ಕಾರ್ಡು ಸರಿ, ತಂತಿ ಯಾವ ಊರಿನದು?
ರೌಟರ್ ಅಳವಡಿಕೆ ಕೈಪಿಡಿಗಳ ಒಂದು ವಿಮರ್ಶೆ

ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರ ಮತ್ತು ನಾಗರಬಾವಿಗಳಿಗೆ ಹೊಂದಿಕೊಂಡಿರುವ ಬಡಾವಣೆ ಚಂದ್ರಾ ಲೇಔಟ್. ಅಲ್ಲಿನ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ 2006ರಲ್ಲಿ ನಡೆದ ಸಂಗತಿಯಿದು. ಆಸ್ಪತ್ರೆಗೆ ಎರಡು ದೂರವಾಣಿ ತಂತಿಗಳಿದ್ದವು. ಎರಡನ್ನೂ ಒಂದು ರೌಟರಿನ ಧ್ವನಿ ಕಾರ್ಡಿಗೆ ಜೋಡಿಸಲಾಗಿತ್ತು. ರಾತ್ರಿ ಹತ್ತರ ಮೇಲೆ ಮೊದಲ ತಂತಿಗೆ ಕರೆ ಬಂದರೆ ರೌಟರ್ ಅದನ್ನು ಎತ್ತಿಕೊಂಡು, ಎರಡನೆಯ ತಂತಿಯಿಂದ ವೈದ್ಯರ ಮನೆಯ ಸಂಖ್ಯೆಯನ್ನು ತಾನೇ ತಿರುಗಿಸಿ, ಎರಡನ್ನೂ ಒಂದುಗೂಡಿಸುತ್ತಿತ್ತು. ಏರ್ಪಾಡು ಚೆನ್ನಾಗಿಯೇ ಇತ್ತು. ಆದರೆ ರಾತ್ರಿ ಒಂದು ಕರೆ ಬಂದು ಹೋದ ಮೇಲೆ ಬೆಳಗಿನವರೆಗೆ ಎರಡು ಸಂಖ್ಯೆಗಳೂ ಎಂಗೇಜ್. ಒಂದು ದಿನ ನಸುಕಿನ ಮೂರು ಗಂಟೆಗೆ ಆಟೋದಲ್ಲಿ ಬಂದಿಳಿದ ಕುಟುಂಬವೊಂದು, "ಹನ್ನೊಂದೂವರೆಯಿಂದ ಫೋನ್ ಮಾಡ್ತಾನೇ ಇದೀವಿ ಡಾಕ್ಟ್ರೇ, ಬರೀ ಎಂಗೇಜು" ಎಂದಿತು. ತಾಯಿ ಮಗು ಕ್ಷೇಮವಾಗಿದ್ದರು, ಅದು ಅದೃಷ್ಟ.

ಮರುದಿನ ಬಂದ ತಂತ್ರಜ್ಞ ಹುಡುಗ ರೌಟರನ್ನು ಒಮ್ಮೆ ಆರಿಸಿ ಹೊತ್ತಿಸಿದ. ತಂತಿಗಳು ಬಿಡುಗಡೆಯಾದವು. "ಕಾರ್ಡ್ ಹೋಗಿದೆ ಸಾರ್, ಬೇರೆ ತರಿಸ್ಬೇಕು" ಎಂದ. ಬೇರೆ ಕಾರ್ಡು ಬಂತು. ಅದೇ ರಾತ್ರಿ ಅದೇ ಕಥೆ. ಆ ಉಪಕರಣ ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಹುಡುಗ ಕೈಪಿಡಿಯನ್ನು ಓದಿದ್ದ. ಅದರಲ್ಲಿ ಹೇಳಿದ್ದನ್ನು ಒಂದೂ ಬಿಡದೆ ಮಾಡಿದ್ದ. ನನ್ನ ನೆರವು ಕೇಳಿದಾಗ ನಾನೂ ಅದೇ ಕೈಪಿಡಿಯನ್ನು ಮೊದಲ ಪುಟದಿಂದ ಓದಿದೆ. ತಪ್ಪು ಸಿಗಲಿಲ್ಲ. ಅಂದಿನಿಂದ ಇಂಥ ಕೈಪಿಡಿಗಳನ್ನು ಓದುವಾಗ ಅವು ಏನು ಹೇಳುತ್ತವೆ ಎನ್ನುವುದರ ಜೊತೆಗೆ ಏನನ್ನು ಬಿಡುತ್ತವೆ ಎಂಬುದನ್ನೂ ನೋಡುವ ಅಭ್ಯಾಸ ಬೆಳೆಯಿತು. ಈ ಬರಹ ಅದರ ಫಲ.

ಕೈಪಿಡಿ ಚೆನ್ನಾಗಿ ಮಾಡುವ ಕೆಲಸ

ವಿಮರ್ಶೆಗೆ ಒಂದು ಮಾದರಿ ಬೇಕು. ರೌಟರ್ ಕಲಿಯುವವರು ಹೆಚ್ಚಾಗಿ ಕಂಡಿರುವುದು ಸಿಸ್ಕೋ ಕಂಪನಿಯ ಕಾರ್ಡುಗಳ ಅಳವಡಿಕೆ ಕೈಪಿಡಿಯನ್ನು. 1700, 2600, 3600 ಸರಣಿಗಳಿಂದ ಹಿಡಿದು 2004ರಲ್ಲಿ ಬಂದ 2800 ಮತ್ತು 3800 ಸರಣಿಗಳವರೆಗೆ ಇದರ ರೂಪ ಹೆಚ್ಚು ಬದಲಾಗಲಿಲ್ಲ. ಈ ರೌಟರುಗಳ ಮಾರಾಟ ಎಂದೋ ನಿಂತಿದೆ. ಆದರೂ ಇವುಗಳ ಮೇಲೆ ಕೈ ಪಳಗಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಇತರ ಕಂಪನಿಗಳ ಕೈಪಿಡಿಗಳೂ ಹೆಚ್ಚು ಕಡಿಮೆ ಇದೇ ಅಚ್ಚಿನವು.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ಯಾವ ಕಾರ್ಡು ಯಾವ ರೌಟರಿನ ಯಾವ ಗೂಡಿಗೆ ಹೊಂದುತ್ತದೆ ಎಂಬ ಕೋಷ್ಟಕ ಈ ಕೈಪಿಡಿಯ ಪ್ರಾಣ. ನೋಡಲು ಒಂದೇ ಅಳತೆಯಂತೆ ಕಾಣುವ ಗೂಡುಗಳು ಒಂದೇ ಅಲ್ಲ. ಉದಾಹರಣೆಗೆ, 2600ರಲ್ಲಿ ಧ್ವನಿ ಕಾರ್ಡನ್ನು ನೇರವಾಗಿ ರೌಟರಿನ ದತ್ತಾಂಶ ಕಾರ್ಡಿನ ಗೂಡಿಗೆ ಹಾಕಿ ಪ್ರಯೋಜನವಿಲ್ಲ. ಮೊದಲು ಒಂದು ಧ್ವನಿ ಮಾಡ್ಯೂಲ್ ಕೂರಿಸಿ, ಅದರೊಳಗಿನ ಗೂಡಿಗೆ ಕಾರ್ಡನ್ನು ಹಾಕಬೇಕು. ಕಾರಣ ಸರಳ. ಕಾರ್ಡು ಬರೀ ಬಾಗಿಲು. ಮಾತನ್ನು ಅಂಕಿಗಳಾಗಿ, ಅಂಕಿಗಳನ್ನು ಪೊಟ್ಟಣಗಳಾಗಿ ಮಾಡುವ ಸಂಕೇತ ಸಂಸ್ಕಾರಕ ಚಿಪ್ಪುಗಳು ಇರುವುದು ಮಾಡ್ಯೂಲಿನಲ್ಲಿ. 2800ರಲ್ಲಿ ಈ ಚಿಪ್ಪುಗಳನ್ನು ತಾಯಿಹಲಗೆಯ ಮೇಲೆಯೇ ಕೂರಿಸಲು ಅವಕಾಶ ಕೊಟ್ಟರು. ಹಾಗಾಗಿ ಅಲ್ಲಿ ಕಾರ್ಡು ನೇರವಾಗಿ ಗೂಡಿಗೆ ಹೋಗುತ್ತದೆ. ಆದರೆ ಚಿಪ್ಪನ್ನು ಕೊಳ್ಳಲು ಮರೆತರೆ ಕಾರ್ಡು ಕೂತಿದ್ದರೂ ಮಾತು ಹೊರಡದು.

ಅಳವಡಿಸುವ ಕ್ರಮವನ್ನೂ ಕೈಪಿಡಿ ಚೊಕ್ಕಟವಾಗಿ ಹೇಳುತ್ತದೆ. ವಿದ್ಯುತ್ ಆರಿಸಿ, ತಂತಿಗಳನ್ನು ಬಿಚ್ಚಿ. ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿದುಹೋಗಲು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಗೂಡಿನ ಹಳಿಯ ಮೇಲೆ ಜಾರಿಸಿ, ಕೂತಿತೆಂದು ಖಚಿತವಾದ ಮೇಲೆ ತಿರುಪು ಬಿಗಿಯಿರಿ. ಖಾಲಿ ಗೂಡಿಗೆ ಮುಚ್ಚಳ ಹಾಕಿ, ಇಲ್ಲವಾದರೆ ಗಾಳಿಯ ಹರಿವು ಕೆಡುತ್ತದೆ. ಇದರಲ್ಲಿ ಒಂದು ಮಾತನ್ನೂ ತೆಗೆದುಹಾಕುವಂತಿಲ್ಲ.

ಹಾಗಾದರೆ ತಕರಾರು ಏನು? ಕೈಪಿಡಿಯ ಲೋಕ ಕಾರ್ಡಿನ ಹಿಂಬದಿಯ ತೂತಿನಲ್ಲಿ ಮುಗಿಯುತ್ತದೆ. ಆ ತೂತಿಗೆ ಬಂದು ಸೇರುವ ತಂತಿ ಎಂಥದು, ಅದರ ಆ ತುದಿಯಲ್ಲಿ ಏನಿದೆ, ಅದನ್ನು ಜೋಡಿಸುವವನು ಯಾರು ಎಂಬುದು ಅದರ ವಿಷಯವಲ್ಲ. ನಮ್ಮಲ್ಲಿ ಕೆಡುಕು ಹುಟ್ಟುವುದು ಬಹುಪಾಲು ಅಲ್ಲಿಯೇ.

ಎಂಗೇಜ್ ಸದ್ದಿಗೂ ದೇಶವಿದೆ

ಧ್ವನಿ ಕಾರ್ಡುಗಳಲ್ಲಿ ಸಾಮಾನ್ಯ ಬಳಕೆಯವು ಎರಡು ಬಗೆ. ಎಫ್‌ಎಕ್ಸ್‌ಎಸ್ ಕಾರ್ಡಿಗೆ ಸಾಧಾರಣ ದೂರವಾಣಿಯನ್ನು ಸಿಕ್ಕಿಸುತ್ತೇವೆ. ಇಲ್ಲಿ ಕಾರ್ಡು ವಿನಿಮಯ ಕೇಂದ್ರದ ಪಾತ್ರ ವಹಿಸುತ್ತದೆ. ದೂರವಾಣಿಗೆ ವಿದ್ಯುತ್ತನ್ನೂ ಗಂಟೆಯನ್ನೂ ಡಯಲ್ ಟೋನನ್ನೂ ಅದೇ ಕೊಡುತ್ತದೆ. ಎಫ್‌ಎಕ್ಸ್‌ಒ ಕಾರ್ಡಿಗೆ ವಿನಿಮಯ ಕೇಂದ್ರದಿಂದ ಬಂದ ತಂತಿಯನ್ನು ಸಿಕ್ಕಿಸುತ್ತೇವೆ. ಇಲ್ಲಿ ಕಾರ್ಡು ದೂರವಾಣಿಯ ವೇಷ ಹಾಕುತ್ತದೆ. ಎರಡರ ತೂತೂ ಒಂದೇ ಆಕಾರದ್ದು. ಹೊರಗಿನ ತಂತಿಯನ್ನು ಎಫ್‌ಎಕ್ಸ್‌ಎಸ್‌ಗೆ ಸಿಕ್ಕಿಸಿದರೆ ಎರಡು ಕಡೆಯಿಂದಲೂ ವಿದ್ಯುತ್ ಎದುರುಬದುರಾಗಿ ಕಾರ್ಡು ಕೆಡಬಹುದು.

ಮನುಷ್ಯನಾದರೆ ಆಚೆಯವರು ಫೋನ್ ಇಟ್ಟರೆಂಬುದನ್ನು ಎಂಗೇಜ್ ಸದ್ದು ಕೇಳಿ ತಿಳಿದು ತಾನೂ ಇಡುತ್ತಾನೆ. ಎಫ್‌ಎಕ್ಸ್‌ಒ ಕಾರ್ಡಿಗೆ ಅದು ಹೇಗೆ ತಿಳಿಯಬೇಕು? ಅಮೆರಿಕದ ಬಹುತೇಕ ವಿನಿಮಯ ಕೇಂದ್ರಗಳು, ಆಚೆಯವರು ಇಟ್ಟೊಡನೆ ತಂತಿಯ ವಿದ್ಯುತ್ತನ್ನು ಕ್ಷಣಕಾಲ ಕಡಿಯುತ್ತವೆ. ಕಾರ್ಡು ಹುಟ್ಟಿನಿಂದ ಕಾಯುವುದು ಈ ಕಡಿತವನ್ನು. ನಮ್ಮ ಸಾಧಾರಣ ತಂತಿಗಳಲ್ಲಿ ಅಂಥ ಕಡಿತವನ್ನು ನಂಬುವಂತಿಲ್ಲ. ಇಲ್ಲಿ ಸಿಗುವುದು ಸದ್ದು ಮಾತ್ರ. ಹಿಂದೆ ಎಸ್‌ಟಿಡಿ ಬೂತುಗಳ ಮೀಟರಿಗಾಗಿ ತಂತಿಯ ಧ್ರುವಗಳನ್ನು ಅದಲುಬದಲು ಮಾಡುವ ಸೌಲಭ್ಯವಿತ್ತು. ಆದರೆ ಅದನ್ನು ಕೇಳಿ ಪಡೆಯಬೇಕಿತ್ತು.

ಹೋಗಲಿ, ಸದ್ದನ್ನೇ ಕೇಳಲಿ ಎಂದರೆ ಸದ್ದಿಗೂ ದೇಶವಿದೆ. ಅಮೆರಿಕದ ಎಂಗೇಜ್ ಸದ್ದು 480 ಮತ್ತು 620 ಹರ್ಟ್ಸ್‌ಗಳ ಮಿಶ್ರಣ. ಅರ್ಧ ಸೆಕೆಂಡ್ ಸದ್ದು, ಅರ್ಧ ಸೆಕೆಂಡ್ ಮೌನ. ನಮ್ಮದು 400 ಹರ್ಟ್ಸ್‌ನ ಒಂದೇ ಸ್ವರ. ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ನಮ್ಮ ಡಯಲ್ ಟೋನ್ ಕೂಡ 400 ಹರ್ಟ್ಸ್ ಸ್ವರದ ಮೇಲೆ 25 ಹರ್ಟ್ಸ್‌ನ ಏರಿಳಿತ ಕೂಡಿಸಿದ್ದು. ಅಮೆರಿಕದ್ದು 350 ಮತ್ತು 440ರ ಮಿಶ್ರಣ. ಕಾರ್ಡಿಗೆ ದೇಶ ಯಾವುದೆಂದು ಹೇಳದಿದ್ದರೆ ಅದು ತಾನು ಉತ್ತರ ಅಮೆರಿಕದಲ್ಲಿ ಇದ್ದೇನೆಂದೇ ಭಾವಿಸುತ್ತದೆ.

ಈಗ ಚಂದ್ರಾ ಲೇಔಟಿನ ಆ ರಾತ್ರಿಯನ್ನು ಊಹಿಸಿಕೊಳ್ಳಿ. ಕರೆದವರು ಮಾತು ಮುಗಿಸಿ ಇಟ್ಟರು. ವೈದ್ಯರೂ ಇಟ್ಟು ಮಲಗಿದರು. ಎರಡೂ ತಂತಿಗಳ ಮೇಲೆ ವಿನಿಮಯ ಕೇಂದ್ರ ಎಂಗೇಜ್ ಸದ್ದು ಕಳಿಸಿತು. ಮೊದಲ ತಂತಿಯ ಸದ್ದನ್ನು ರೌಟರ್ ಮಾತೆಂದೇ ತಿಳಿದು ಎರಡನೆಯದಕ್ಕೆ ಕೊಟ್ಟಿತು. ಎರಡನೆಯದರ ಸದ್ದನ್ನು ಮೊದಲನೆಯದಕ್ಕೆ ಕೊಟ್ಟಿತು. ಮನುಷ್ಯರಿಲ್ಲದ ಸಂಭಾಷಣೆ ಬೆಳಗಿನವರೆಗೆ ನಡೆಯಿತು. ಕಾರ್ಡು ಕೆಟ್ಟಿರಲಿಲ್ಲ. ಹೊಸ ಕಾರ್ಡಿಗೆ ಕೊಟ್ಟ ಹಣ ದಂಡವಾಯಿತು.

ಪರಿಹಾರ ನಾಲ್ಕಾರು ಸಾಲಿನದು. ಧ್ವನಿ ಪೋರ್ಟನ್ನು ಮುಚ್ಚಿ, ದೇಶದ ಸ್ವರವನ್ನು ಸೂಚಿಸುವ 'ಸಿಪಿಟೋನ್' ಆಜ್ಞೆಗೆ ಭಾರತದ ಸಂಕೇತವಾದ 'ಐಎನ್' ಕೊಡಬೇಕು. ಮಾತಿನ ನಡುವೆಯೂ ಎಂಗೇಜ್ ಸದ್ದಿಗೆ ಕಿವಿಗೊಡುವಂತೆ ಇನ್ನೊಂದು ಆಜ್ಞೆ ಕೊಡಬೇಕು. ಅದಕ್ಕೂ ಜಗ್ಗದಿದ್ದರೆ 400 ಹರ್ಟ್ಸ್, 750 ಮಿಲಿಸೆಕೆಂಡ್ ಎಂದು ಸ್ವರ ಮತ್ತು ಲಯಗಳನ್ನು ಕೈಯಾರೆ ತುಂಬಿ ಪೋರ್ಟನ್ನು ಮತ್ತೆ ತೆರೆಯಬೇಕು. ಆಮೇಲೆ ಹೊರಗಿನಿಂದ ಕರೆದು, ಇಟ್ಟು, ಪೋರ್ಟು ಬಿಡುಗಡೆಯಾಯಿತೇ ಎಂದು ಗಡಿಯಾರ ಹಿಡಿದು ನೋಡಬೇಕು. ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ.

ಇದೆಲ್ಲ ಕಂಪನಿಗೆ ಗೊತ್ತಿಲ್ಲದ ವಿಷಯವೇ? ಖಂಡಿತ ಗೊತ್ತು. ಮೊದಲ ತಲೆಮಾರಿನ ಎಫ್‌ಎಕ್ಸ್‌ಒ ಕಾರ್ಡುಗಳಲ್ಲಿ ಉತ್ತರ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಿಗೆ ಬೇರೆ ಬೇರೆ ಮಾದರಿಗಳೇ ಇದ್ದವು. ಎರಡನೆಯ ತಲೆಮಾರಿನಲ್ಲಿ ಒಂದೇ ಕಾರ್ಡು ಎಲ್ಲ ದೇಶಗಳಿಗೂ ಹೊಂದುವಂತಾಯಿತು. ಆ ಹೊಂದಿಕೆಯನ್ನು ತಂತ್ರಾಂಶದಲ್ಲಿ ಮಾಡಬೇಕಾದ್ದರಿಂದ ವಿವರಣೆ ಯಂತ್ರಾಂಶದ ಕೈಪಿಡಿಯನ್ನು ಬಿಟ್ಟು ತಂತ್ರಾಂಶದ ಕೈಪಿಡಿಗೆ ಹೋಯಿತು. ತಿರುಪು ಬಿಗಿಯುವವನ ಕೈಗೆ ಒಂದು ಪುಸ್ತಕ, ಆಜ್ಞೆ ಕೊಡುವವನ ಕೈಗೆ ಇನ್ನೊಂದು. ದೊಡ್ಡ ಸಂಸ್ಥೆಗಳಲ್ಲಿ ಇಬ್ಬರೂ ಇರುತ್ತಾರೆ. ಚಂದ್ರಾ ಲೇಔಟಿನಲ್ಲಿ ಬರುವವನು ಒಬ್ಬನೇ, ಅವನ ಕೈಯಲ್ಲಿ ಇರುವುದು ಮೊದಲ ಪುಸ್ತಕ. ಅದರ ಕೊನೆಯ ಪುಟದಲ್ಲಾದರೂ 'ನಿಮ್ಮ ದೇಶದ ಸ್ವರವನ್ನು ಹೊಂದಿಸದೆ ಎದ್ದು ಹೋಗಬೇಡಿ' ಎಂಬ ಒಂದು ಸಾಲು ಎದ್ದು ಕಾಣುವಂತೆ ಇರಬೇಕಿತ್ತು.

ಅಂಕೀಯ ತಂತಿಗಳಲ್ಲೂ ಇದೇ ಎಚ್ಚರ ಬೇಕು. ಅಮೆರಿಕದ ಟಿ1 ತಂತಿಯಲ್ಲಿ 24 ವಾಹಿನಿಗಳು, ವೇಗ ಸೆಕೆಂಡಿಗೆ 1.544 ಮೆಗಾಬಿಟ್. ನಾವು ಬಳಸುವ ಇ1ರಲ್ಲಿ 32 ಕಾಲಖಂಡಗಳು, ಅವುಗಳಲ್ಲಿ ಮಾತಿಗೆ 30, ವೇಗ 2.048 ಮೆಗಾಬಿಟ್. ಮಾತನ್ನು ಎಂಟು ಬಿಟ್‌ಗಳಿಗೆ ಕುಗ್ಗಿಸುವ ನಿಯಮವೂ ಬೇರೆ, ಅಲ್ಲಿ ಮ್ಯೂ-ಲಾ, ಇಲ್ಲಿ ಎ-ಲಾ. ಎರಡಕ್ಕೂ ಒಗ್ಗುವ ಕಾರ್ಡಿಗೆ ಯಾವುದೆಂದು ಮೊದಲೇ ಹೇಳಬೇಕು.

ಧೂಳಿನ ಕಣ ಮತ್ತು ಬೆಳಕಿನ ಲೆಕ್ಕ

ಆಪ್ಟಿಕಲ್ ಫೈಬರ್ ಕಾರ್ಡಿನ ವಿಷಯದಲ್ಲಿ ಕೈಪಿಡಿಯ ಒಲವು ದೂರದ ಕಡೆಗೆ. ಯಾವ ಮಾಡ್ಯೂಲು ಎಷ್ಟು ದೂರ ಮುಟ್ಟುತ್ತದೆಂಬ ಕೋಷ್ಟಕ ಮೊದಲು ಬರುತ್ತದೆ. 850 ನ್ಯಾನೊಮೀಟರ್ ಬೆಳಕಿನ, ಬಹುವಿಧ ಎಳೆಯ ಮಾಡ್ಯೂಲು ಕೆಲವು ನೂರು ಮೀಟರ್. 1310 ನ್ಯಾನೊಮೀಟರ್‌ನ, ಏಕವಿಧ ಎಳೆಯ ಮಾಡ್ಯೂಲು ಸುಮಾರು 10 ಕಿಲೋಮೀಟರ್. 1550ರದು ಸುಮಾರು 70 ಕಿಲೋಮೀಟರ್. ಓದಿದವರು 'ನಮ್ಮದು ಆರೇ ಕಿಲೋಮೀಟರ್, ಹತ್ತರದು ಸಾಕು' ಎಂದು ನಿರ್ಧರಿಸುತ್ತಾರೆ. ಕೆಲವೊಮ್ಮೆ 'ಇರಲಿ, ಎಪ್ಪತ್ತರದೇ ತರೋಣ' ಎನ್ನುವವರೂ ಉಂಟು. ಇದು ಇನ್ನೂ ಅಪಾಯ. ದೂರದ ಮಾಡ್ಯೂಲಿನ ಬೆಳಕು ಪ್ರಬಲ. ಹತ್ತಿರದಲ್ಲಿ ಅದನ್ನು ತಗ್ಗಿಸುವ ಸಾಧನವಿಲ್ಲದೆ ಜೋಡಿಸಿದರೆ ಎದುರಿನ ಗ್ರಾಹಕದ ಕಣ್ಣು ಕುಕ್ಕುತ್ತದೆ, ಅದು ಕೆಡಲೂಬಹುದು.

ಸರಿಯಾದ ಪ್ರಶ್ನೆ ದೂರದ್ದಲ್ಲ, ಬೆಳಕಿನ ಆಯವ್ಯಯದ್ದು. ಒಂದು ಉದಾಹರಣೆ ನೋಡೋಣ. 1310ರ ಮಾಡ್ಯೂಲು ಕನಿಷ್ಠ ಪಕ್ಷ ಮೈನಸ್ 9.5 ಡಿಬಿಎಂ ಬೆಳಕು ಕಳಿಸುತ್ತದೆ, ಎದುರಿನದು ಮೈನಸ್ 19ರವರೆಗೆ ಗುರುತಿಸುತ್ತದೆ ಎಂದಿಟ್ಟುಕೊಳ್ಳಿ. ಖರ್ಚು ಮಾಡಲು ಸಿಕ್ಕಿದ್ದು 9.5 ಡೆಸಿಬೆಲ್. ಆರು ಕಿಲೋಮೀಟರ್ ಎಳೆಗೆ ಕಿಲೋಮೀಟರಿಗೆ 0.4ರಂತೆ 2.4. ನಾಲ್ಕು ಕನೆಕ್ಟರುಗಳಿಗೆ ಅರ್ಧರ್ಧದಂತೆ 2. ಆರು ಬೆಸುಗೆಗಳಿಗೆ 0.1ರಂತೆ 0.6. ಒಟ್ಟು ಖರ್ಚು 5, ಉಳಿತಾಯ 4.5. ಕಾಗದದ ಮೇಲೆ ನೆಮ್ಮದಿಯ ಲೆಕ್ಕ.

ಈಗ ಬೀದಿಗೆ ಬನ್ನಿ. ಬೆಂಗಳೂರಿನ ಬೇರೆ ಬಡಾವಣೆಗಳಂತೆ ಇಲ್ಲಿಯೂ ಕಂಬದಿಂದ ಮರಕ್ಕೆ, ಮರದಿಂದ ಮನೆಯ ತಾರಸಿಗೆ ಕಪ್ಪು ಎಳೆಗಳು ತೂಗಾಡುತ್ತವೆ. ಮಿಕ್ಕಿದ ಎಳೆಯನ್ನು ಸುರುಳಿ ಸುತ್ತಿ ಕೊಂಬೆಗೆ ಕಟ್ಟಿರುತ್ತಾರೆ. ಬಿಗಿಯಾಗಿ ಬಾಗಿದ ಕಡೆ ಬೆಳಕು ಎಳೆಯಿಂದ ಹೊರಗೆ ಸೋರುತ್ತದೆ. ಕೊಂಬೆ ಬಿದ್ದು ತುಂಡಾದಾಗ ಅವಸರದಲ್ಲಿ ಹಾಕಿದ ಬೆಸುಗೆ 0.1ಕ್ಕೆ ನಿಲ್ಲುವುದಿಲ್ಲ. ಇನ್ನು ಧೂಳು. ಏಕವಿಧ ಎಳೆಯಲ್ಲಿ ಬೆಳಕು ಸಾಗುವ ತಿರುಳಿನ ವ್ಯಾಸ ಸುಮಾರು 9 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ರಸ್ತೆ ಅಗೆತದ ಒಂದು ಧೂಳಿನ ಕಣ, ಬೆರಳಿನ ಒಂದು ಜಿಡ್ಡಿನ ಗುರುತು ಸಾಕು, ಕಿಟಕಿಗೆ ಪರದೆ ಎಳೆದಂತೆ. ಉಳಿಸಿಟ್ಟ 4.5 ಡೆಸಿಬೆಲ್ ಹೀಗೆ ಚಿಲ್ಲರೆ ಖರ್ಚಾಗಿ ಹೋಗುತ್ತದೆ. ಆಗಲೂ ಜೋಡಣೆ ಪೂರ್ತಿ ಸಾಯುವುದಿಲ್ಲ. ಬಿಟ್ಟು ಬಿಟ್ಟು ಬರುತ್ತದೆ, ಮಾತು ತುಂಡು ತುಂಡಾಗುತ್ತದೆ. ದೋಷ ಹುಡುಕುವವರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ.

ಕೈಪಿಡಿಗಳು 'ತುದಿಗಳನ್ನು ಶುಚಿಯಾಗಿಡಿ' ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಶುಚಿ ಮಾಡುವುದು ಹೇಗೆ ಎಂಬುದಕ್ಕೆ ಬೇರೆಯೇ ದಾಖಲೆ. ಅಂಗಿಯ ಚುಂಗಿನಿಂದ ಒರೆಸುವುದು, ಬಾಯಿಂದ ಊದುವುದು ನಮ್ಮಲ್ಲಿ ರೂಢಿ. ಎರಡೂ ಕೊಳೆಯನ್ನು ಹೆಚ್ಚಿಸುತ್ತವೆ. ಎಳೆಗಳಿಲ್ಲದ ಒಣ ಒರೆಸು, ಬೇಕಾದರೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್, ಸಿಕ್ಕಿಸುವ ಕ್ಷಣದವರೆಗೆ ತೆಗೆಯದ ಮುಚ್ಚಳ, ಇಷ್ಟು ಸಾಕು. ಇನ್ನೊಂದು ಮಾತು ಬಣ್ಣದ್ದು. ಹಸಿರು ಕನೆಕ್ಟರಿನ ತುದಿಯನ್ನು ಎಂಟು ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಮನೆ ಮನೆಗೆ ಬಂದಿರುವ ಫೈಬರ್ ಪೆಟ್ಟಿಗೆಯ ಎಳೆ ಸಾಮಾನ್ಯವಾಗಿ ಹಸಿರು. ಹಸಿರನ್ನು ನೀಲಿಗೆ ಒತ್ತಿ ಸಿಕ್ಕಿಸಿದರೆ ಒಳಗೆ ಹೋಗುತ್ತದೆ, ಆದರೆ ನಡುವೆ ಗಾಳಿಯ ಸಂದು ಉಳಿದು ಹಲವು ಡೆಸಿಬೆಲ್ ನಷ್ಟ. ಕೂತಿತು ಎಂದರೆ ಸರಿಹೋಯಿತು ಎಂದಲ್ಲ.

ಕಿತ್ತೂರಿನ ಪಾಠ

'ಜಗತ್ತಿಗೆಲ್ಲ ಒಂದೇ ಕೈಪಿಡಿ ಬರೆಯುವ ಕಂಪನಿ ಪ್ರತಿ ಊರಿನ ಧೂಳನ್ನೂ ಬಿಸಿಲನ್ನೂ ಹೇಗೆ ಬರೆದೀತು?' ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಊರಿನಿಂದ ಆರಂಭಿಸಿ ಉಪಕರಣಕ್ಕೆ ಬಂದ ಉದಾಹರಣೆ ನಮ್ಮಲ್ಲೇ ಇದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿದಾಗ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಬಿಸಿಲು ಧೂಳುಗಳ ನಡುವೆ ಅದು ನಡೆಯಬೇಕೆಂಬುದೇ ಮೊದಲ ಷರತ್ತಾಗಿತ್ತು. ಅಂಥ ಮೊದಲ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಐಟಿಐ ಕೂಡ ಇದೇ ತಂತಿಗಳಿಗೆ ಉಪಕರಣ ಮಾಡಿಕೊಟ್ಟ ಕಾರ್ಖಾನೆ. ನಮ್ಮ ತಂತಿಯ ಸ್ವಭಾವ ಬಲ್ಲವರಿಗೆ ಇಲ್ಲಿ ಬರವಿರಲಿಲ್ಲ. ಆ ತಿಳಿವಳಿಕೆ ಹೊರಗಿನಿಂದ ಬಂದ ಕಾರ್ಡಿನ ಜೊತೆ ಒಂದು ಹಾಳೆಯಾಗಿ ಸೇರಲಿಲ್ಲ.

ಭೂಸಂಪರ್ಕವನ್ನೇ ನೋಡಿ. ಕೈಪಿಡಿ 'ಉಪಕರಣವನ್ನು ಸರಿಯಾಗಿ ಅರ್ಥ್ ಮಾಡಿ' ಎನ್ನುತ್ತದೆ. ಗೋಡೆಯ ಮೂರನೆಯ ತೂತಿನಲ್ಲಿ ಅರ್ಥ್ ಇದ್ದೇ ಇರುತ್ತದೆಂಬುದು ಅದರ ನಂಬಿಕೆ. ನಮ್ಮ ಹಳೆಯ ಕಟ್ಟಡಗಳಲ್ಲಿ ಆ ತೂತಿನ ಹಿಂದೆ ತಂತಿಯೇ ಇಲ್ಲದಿರಬಹುದು. ಇದ್ದರೂ ನೀರು ಕಾಣದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿರಬಹುದು. ಏಪ್ರಿಲ್ ಮೇ ತಿಂಗಳಿನ ಗುಡುಗು ಮಳೆ ಬರುವುದು ಅದೇ ಹೊತ್ತಿನಲ್ಲಿ. ತಾರಸಿಯ ಮೇಲಿಂದ ಇಳಿದ ತಾಮ್ರದ ತಂತಿ ಸಿಡಿಲಿನ ಸೆಳೆತವನ್ನು ನೇರ ಕಾರ್ಡಿಗೆ ತರುತ್ತದೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದು ನಿಜ. ಆದರೆ ಅದಕ್ಕೆ ಆಸರೆಯಾಗಿ ಕೊಡುವ ಉಕ್ಕಿನ ತಂತಿ ಒಯ್ಯುತ್ತದೆ. ಆದ್ದರಿಂದ ನಮ್ಮಲ್ಲಿ ಅಳವಡಿಕೆಯ ಮೊದಲ ಹೆಜ್ಜೆ ಕಾರ್ಡಿನ ಪೊಟ್ಟಣ ಬಿಚ್ಚುವುದಾಗಬಾರದು. ನ್ಯೂಟ್ರಲ್ ಮತ್ತು ಅರ್ಥ್ ನಡುವಣ ವೋಲ್ಟೇಜನ್ನು ಮೀಟರಿನಲ್ಲಿ ಅಳೆಯುವುದು ಆಗಬೇಕು.

ಚಿತ್ರದಲ್ಲಿ ಸರಿ, ಕಾನೂನಿನಲ್ಲಿ ತಪ್ಪು

ಧ್ವನಿ ಕಾರ್ಡುಗಳ ಪ್ರಚಾರ ಮತ್ತು ಕಲಿಕೆಯ ಸಾಹಿತ್ಯದಲ್ಲಿ ಒಂದು ಚಿತ್ರ ಪದೇ ಪದೇ ಬರುತ್ತಿತ್ತು. ಎರಡು ಊರುಗಳಲ್ಲಿ ಎರಡು ಶಾಖೆಗಳು, ನಡುವೆ ಖಾಸಗಿ ದತ್ತಾಂಶ ತಂತಿ. ಈ ಊರಿನವರು ಆ ಊರಿನ ಯಾರಿಗಾದರೂ ಕರೆ ಮಾಡಬೇಕಾದರೆ ಮಾತನ್ನು ಒಳದಾರಿಯಲ್ಲಿ ಸಾಗಿಸಿ, ಆ ತುದಿಯ ಎಫ್‌ಎಕ್ಸ್‌ಒ ಪೋರ್ಟಿನಿಂದ ಸ್ಥಳೀಯ ಕರೆಯಾಗಿ ಹೊರಬಿಡುವುದು. ದೂರದ ಕರೆಯ ಶುಲ್ಕ ಉಳಿಯಿತು. ಅಮೆರಿಕದಲ್ಲಿ ಇದು ಜಾಣತನ. ಭಾರತದಲ್ಲಿ ಆಗ ಇದು ಕಾನೂನುಬಾಹಿರ. ಇಲ್ಲಿ 2002ರ ಏಪ್ರಿಲ್ 1ರಂದು ಅಂತರಜಾಲ ದೂರವಾಣಿಗೆ ಅನುಮತಿ ಸಿಕ್ಕಿತಾದರೂ, ಅದನ್ನು ದೇಶದೊಳಗಿನ ಸಾರ್ವಜನಿಕ ದೂರವಾಣಿ ಜಾಲಕ್ಕೆ ಜೋಡಿಸಲು ಅನುಮತಿ ಇರಲಿಲ್ಲ. ಖಾಸಗಿ ಜಾಲದೊಳಗೆ ಮಾತನಾಡಬಹುದಿತ್ತು. ಆ ಮಾತನ್ನು ಹೊರಗಿನ ತಂತಿಗೆ ಬಿಡದಂತೆ ನಡುವೆ ಗೋಡೆ ಇರಬೇಕಿತ್ತು.

ನಾನು ಹೇಳಿದ ಆಸ್ಪತ್ರೆಯವರಿಗೆ ಮೈಸೂರಿನಲ್ಲಿ ಇನ್ನೊಂದು ಶಾಖೆ ತೆರೆಯುವ ಯೋಚನೆಯಿತ್ತು. ಉಪಕರಣ ಒದಗಿಸಿದವರು ಇದೇ ಚಿತ್ರ ತೋರಿಸಿ, "ಎಸ್‌ಟಿಡಿ ಬಿಲ್ಲೇ ಬರಲ್ಲ ಡಾಕ್ಟ್ರೇ" ಎಂದಿದ್ದರು. ವೈದ್ಯರು ಕಾನೂನು ಮುರಿಯುವ ಜಾಯಮಾನದವರಲ್ಲ. ಮುದ್ರಿತ ಚಿತ್ರವನ್ನು ನಂಬಿದರು, ಅಷ್ಟೆ. ವಿಷಯ ತಿಳಿದ ಮೇಲೆ ಕೈಬಿಟ್ಟರು. ಆಮೇಲೆ ನಿಯಮಗಳು ಹಂತಹಂತವಾಗಿ ಸಡಿಲವಾದವು. 2018ರಲ್ಲಿ ಪರವಾನಗಿ ಇರುವ ಕಂಪನಿಗಳಿಗೆ ಅಂತರಜಾಲ ದೂರವಾಣಿ ಸೇವೆ ನೀಡಲು ದಾರಿಯಾಯಿತು. 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ಕಾಲ್ ಸೆಂಟರುಗಳ ಮೇಲಿನ ಕಟ್ಟುಪಾಡುಗಳು ಬಹಳಷ್ಟು ಕಳಚಿದವು. ಆದರೂ ಪರವಾನಗಿಯಿಲ್ಲದೆ ಹೊರಗಿನವರ ಕರೆಗಳನ್ನು ಹೀಗೆ ದಾಟಿಸುವುದು ಇಂದಿಗೂ ಅಪರಾಧವೇ. ಸಿಮ್ ಕಾರ್ಡುಗಳ ಪೆಟ್ಟಿಗೆ ಇಟ್ಟು ಈ ದಂಧೆ ನಡೆಸುತ್ತಿದ್ದ ಜಾಲವೊಂದನ್ನು 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿಯೇ ಪೊಲೀಸರು ಭೇದಿಸಿದರು. ಕೈಪಿಡಿ ಕಾನೂನು ಪುಸ್ತಕವಲ್ಲ, ನಿಜ. ಆದರೆ 'ನಿಮ್ಮ ದೇಶದ ನಿಯಮ ನೋಡಿಕೊಳ್ಳಿ' ಎಂಬ ಸಣ್ಣಕ್ಷರದ ಮಾತಿಗೂ ಪುಟ ತುಂಬ ಬಿಡಿಸಿದ ಚಿತ್ರಕ್ಕೂ ಓದುಗನ ಮನಸ್ಸಿನಲ್ಲಿ ಒಂದೇ ತೂಕ ಇರುವುದಿಲ್ಲ.

ಐವತ್ತು ಲಕ್ಷಕ್ಕೆ ಉಂಟು, ನಾಲ್ಕು ಕೋಟಿಗೆ ಇಲ್ಲ

ನನ್ನ ಮುಖ್ಯ ಆಕ್ಷೇಪಣೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಸಿಸ್ಕೋ ರೌಟರಿನ ಪೆಟ್ಟಿಗೆಯಲ್ಲಿ ಸುರಕ್ಷತೆಯ ಒಂದು ಪುಸ್ತಿಕೆ ಬರುತ್ತಿತ್ತು. 'ಗುಡುಗು ಮಿಂಚಿನ ವೇಳೆ ತಂತಿ ಮುಟ್ಟಬೇಡಿ', 'ತುಂಡಾದ ಎಳೆಯ ತುದಿಯನ್ನು ದಿಟ್ಟಿಸಬೇಡಿ, ಕಣ್ಣಿಗೆ ಕಾಣದ ಲೇಸರ್ ಇರಬಹುದು' ಎಂಬಂಥ ಎಚ್ಚರಿಕೆಗಳು ಅದರಲ್ಲಿ ಇಂಗ್ಲಿಷಿನ ಜೊತೆಗೆ ಡಚ್, ಫಿನ್ನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ನಾರ್ವೇಜಿಯನ್, ಪೋರ್ಚುಗೀಸ್, ಸ್ಪ್ಯಾನಿಷ್, ಸ್ವೀಡಿಷ್ ಭಾಷೆಗಳಲ್ಲಿ ಇರುತ್ತಿದ್ದವು. ಫಿನ್ನಿಷ್ ಆಡುವವರು ಐವತ್ತು ಲಕ್ಷದ ಆಸುಪಾಸು, ನಾರ್ವೇಜಿಯನ್ ಆಡುವವರೂ ಅಷ್ಟೇ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಫಿನ್ನಿಷ್ ಎಚ್ಚರಿಕೆ ಚಂದ್ರಾ ಲೇಔಟಿನವರೆಗೆ ಪ್ರಯಾಣ ಮಾಡಿ ಬಂತು. ಇಲ್ಲಿ ತಾರಸಿಯ ಮೇಲೆ ಎಳೆ ಎಳೆಯುವ ಹುಡುಗನ ಭಾಷೆ ಅದರಲ್ಲಿ ಇರಲಿಲ್ಲ.

'ಈ ಕೆಲಸ ಮಾಡುವವರಿಗೆ ಇಂಗ್ಲಿಷ್ ಬರುತ್ತದಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಜ್ಞೆ ಕೊಡುವ ಎಂಜಿನಿಯರಿಗೆ ಬರುತ್ತದೆ. ಏಣಿ ಹತ್ತುವವನಿಗೆ, ಕಂಬಕ್ಕೆ ಸುರುಳಿ ಕಟ್ಟುವವನಿಗೆ, ತುಂಡಾದ ಎಳೆಯನ್ನು ಕಣ್ಣಿನ ಹತ್ತಿರ ಹಿಡಿದು 'ಬೆಳಕು ಬರ್ತಿದೆಯಾ' ಎಂದು ನೋಡುವವನಿಗೆ ಎಷ್ಟು ಬರುತ್ತದೆ? 1310 ಮತ್ತು 1550 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಕಾಣಲಿಲ್ಲ ಎಂಬ ಕಾರಣಕ್ಕೆ ಬೆಳಕಿಲ್ಲ ಎಂದುಕೊಳ್ಳುವುದು ತಪ್ಪು. ಇದನ್ನು ಮೊದಲು ತಿಳಿಯಬೇಕಾದವನಿಗೇ ತಿಳಿಯದ ಭಾಷೆಯಲ್ಲಿ ಬರೆದಿಟ್ಟಿದ್ದೇವೆ.

ಇಲ್ಲಿ ತಪ್ಪು ಕಂಪನಿಯದು ಮಾತ್ರವಲ್ಲ, ಕನ್ನಡದಲ್ಲಿ ತಂತ್ರಜ್ಞಾನ ಬರೆಯುವ ನಮ್ಮದೂ ಇದೆ. ನಾವು ಬರೆಯಲು ಕುಳಿತರೆ ಇಂಟರ್‌ಫೇಸ್ ಕಾರ್ಡು 'ಅಂತರಸಂಪರ್ಕ ಫಲಕ'ವಾಗುತ್ತದೆ, ಅರ್ಥಿಂಗ್ 'ಭೂಸಂಯೋಜನೆ'ಯಾಗುತ್ತದೆ. ಕೆಲಸದವರು ಆಡುವ ಕನ್ನಡ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಅವರಿಗೆ ಜೋಡಿ, ತಂತಿ, ಎಳೆ, ಕಾರ್ಡು, ಅರ್ಥ್, ಎಂಗೇಜ್, ಲೈನ್ ಡೆಡ್ ಎಂಬ ಮಾತುಗಳು ಸಾಕು. ಆ ಮಾತುಗಳಲ್ಲಿ ಬರೆಯಲು ಸಾಧ್ಯವಿಲ್ಲವೇ? ಪ್ರಯತ್ನಿಸಿ ನೋಡೋಣ.

'ಗುಡುಗು ಕೇಳಿಸಿದರೆ ತಂತಿ ಬಿಟ್ಟು ಕೆಳಗಿಳಿ.'
'ಎಳೆಯ ತುದಿಯನ್ನು ಕಣ್ಣಿಗೆ ಹಿಡಿಯಬೇಡ. ಕಾಣದ ಬೆಳಕೂ ಕಣ್ಣು ಸುಡುತ್ತದೆ. ಮೀಟರ್ ಹಿಡಿ.'
'ಹೊರಗಿನ ಲೈನ್ ಒ ಕಾರ್ಡಿಗೆ, ಫೋನ್ ಎಸ್ ಕಾರ್ಡಿಗೆ. ಅದಲುಬದಲು ಮಾಡಬೇಡ.'
'ಹಸಿರಿಗೆ ಹಸಿರು, ನೀಲಿಗೆ ನೀಲಿ.'
'ಕಾರ್ಡು ಹೋಗಿದೆ ಎನ್ನುವ ಮೊದಲು ದೇಶ ಹಾಕಿದ್ದೀಯಾ ನೋಡು.'

ಇಷ್ಟರಲ್ಲಿ ಯಾವ ಮಾತೂ ಕಷ್ಟದ್ದಲ್ಲ. ಆದರೂ ಇಂಥದೊಂದು ಹಾಳೆ ನನ್ನ ಕೈಗೆ ಎಲ್ಲಿಯೂ ಸಿಕ್ಕಿಲ್ಲ.

ತಾಮ್ರದ ಕಾಲ ಮುಗಿಯಿತಲ್ಲ, ಈ ಮಾತೆಲ್ಲ ಏಕೆ ಎನ್ನುವವರಿಗೆ ಒಂದು ಮಾತು. ಮನೆಗೆ ಬಂದಿರುವ ಫೈಬರ್ ಪೆಟ್ಟಿಗೆಯ ಬೆನ್ನ ಮೇಲೆ ದೂರವಾಣಿ ಸಿಕ್ಕಿಸುವ ತೂತಿದೆಯೇ ನೋಡಿ. ಅದು ಎಫ್‌ಎಕ್ಸ್‌ಎಸ್ ಪೋರ್ಟೇ. ಅಂಗಡಿಯ ಇಂಟರ್‌ಕಾಮ್ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿದರೆ ಅದೇ ಹಳೆಯ ಪ್ರಶ್ನೆ ಎದುರಾಗುತ್ತದೆ. ಆಚೆಯವರು ಇಟ್ಟಿದ್ದು ಇದಕ್ಕೆ ಹೇಗೆ ತಿಳಿಯಬೇಕು? ತಂತಿ ತಾಮ್ರದಿಂದ ಗಾಜಿಗೆ ಬದಲಾಯಿತು, ಕೊನೆಯ ಒಂದು ಗಜದ ಸಮಸ್ಯೆ ಹಾಗೆಯೇ ಉಳಿಯಿತು.

ಆದ್ದರಿಂದ ಪಾಲಿಟೆಕ್ನಿಕ್ ಮತ್ತು ಐಟಿಐಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಕಂಪನಿಯ ಕೈಪಿಡಿಯನ್ನು ಪೂರ್ತಿ ಅನುವಾದಿಸುವ ಗೋಜಿಗೆ ಹೋಗಬೇಡಿ. ಕಾರ್ಡು ಕೂರಿಸುವ ಭಾಗ ಅದರಲ್ಲೇ ಚೆನ್ನಾಗಿದೆ, ಚಿತ್ರ ನೋಡಿಯೇ ಮಾಡಬಹುದು. ಅದು ಬಿಟ್ಟಿರುವ ನಾಲ್ಕು ಪುಟವನ್ನು ನೀವು ಬರೆಯಿರಿ. ಅರ್ಥ್ ಒಂದು ಪುಟ, ಸ್ವರ ಒಂದು ಪುಟ, ಬೆಳಕಿನ ಲೆಕ್ಕ ಒಂದು ಪುಟ, ಎಚ್ಚರಿಕೆ ಒಂದು ಪುಟ. ಬರೆದ ಮೇಲೆ ಏಣಿ ಹತ್ತುವ ಹುಡುಗನಿಗೆ ಓದಿ ಹೇಳಿ, ಅವನು ತಡವರಿಸಿದ ಕಡೆ ತಿದ್ದಿ.

ಚಂದ್ರಾ ಲೇಔಟಿನ ಆ ಆಸ್ಪತ್ರೆಯಲ್ಲಿ ಪೋರ್ಟು ಸರಿಹೋದ ದಿನ, ಅದೇ ತಂತ್ರಜ್ಞ ಹುಡುಗ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ರೌಟರ್ ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿದ. 'ರೌಟರ್ ಬದಲಿಸಿದರೆ ಐಎನ್ ಹಾಕುವುದನ್ನು ಮರೆಯಬೇಡಿ. ಹೊರಗಿಂದ ಫೋನ್ ಮಾಡಿ, ಇಟ್ಟು, ಲೈನ್ ಬಿಟ್ಟಿತಾ ನೋಡಿ.' ನಾನು ಓದಿದ ಅಳವಡಿಕೆ ಕೈಪಿಡಿಗಳಲ್ಲಿ ಈ ಎರಡು ಸಾಲು ಇರಲಿಲ್ಲ.